ಮೂರು ಮಿಲಿಮೀಟರ್ ಹುಲ್ಲು

ಸುಮ್ಮನಿರಲಾರದೆ ಇರುವೆ ಬಿಟ್ಕೊಂಡರಂತೆ ಅನ್ನೋ ಮಾತು ನನ್ನ ಹೆಂಡತಿ ಬಾಯಲ್ಲಿ ವಾರಕ್ಕೆ ಎರಡು ಸಲವಾದರೂ ಬರುತ್ತೆ. ಎರಡೂ ಸಲ ನನಗೇ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳೋ ಇನ್‌ಸ್ಪೆಕ್ಟರಾಗಿದ್ದು ರಿಟೈರಾದೋನು ನಾನು. ನಂಜನಗೂಡಲ್ಲಿ ಬಂದು ಕೂತ ಮೇಲೆ ಕೈ ಸುಮ್ಮನಿರಲಿಲ್ಲ. ಮೀಟರ್‌ಗೇಜ್ ಕಾಲದ ಕವಲಂದೆ ಸ್ಟೇಷನ್ನನ್ನ ಒಂದು ಪ್ಲೈವುಡ್ ಹಲಗೆ ಮೇಲೆ, ಆಟದ ರೈಲಿನ ಸಮೇತ, ಕಟ್ಟೋಕೆ ಶುರುಮಾಡಿದೆ. ಆಗಿನ ಪುಟ್ಟ ರೈಲಲ್ಲಿ ಫುಟ್‌ಬೋರ್ಡ್ ಮೇಲೆ ಕೂತರೆ ಪಕ್ಕದ ಹುಲ್ಲು ಕಾಲು ಸವರ್ತಿತ್ತು. ಆ ಹುಲ್ಲಿಲ್ಲದೆ ಹಲಗೆ ಪೂರ್ತಿಯಾಗಲ್ಲ ಅನ್ನಿಸಿತು.

ಹಲಗೆ ಕಟ್ಟೋಕೆ ಇನ್ನೊಂದು ಕಾರಣಾನೂ ಇದೆ. ಹಳಿ ರಿಪೇರಿ ಕೆಲಸದ ಬದನವಾಳಿನ ಒಬ್ಬ ಗ್ಯಾಂಗ್‌ಮನ್, ನಾನು ಹಳಿ ನೋಡೋಕೆ ಹೋಗ್ತಿದ್ದ ಟ್ರಾಲಿ ತಳ್ತಿದ್ದ, ತನ್ನ ಬುತ್ತೀಲಿ ನನಗೂ ಪಾಲು ಕೊಡ್ತಿದ್ದ. ಒಂದು ಮಳೆಗಾಲ ದೊಡ್ಡ ಸಾಹೇಬರು ಬರ್ತಾರೆ ಅನ್ನೋ ಹೆದರಿಕೇಲಿ, ಹಳಿ ಮಧ್ಯೆ ಹುಲ್ಲಿದೆ, ಏಳು ದಿನದಲ್ಲಿ ಉತ್ತರ ಕೊಡು ಅಂತ ಅವನಿಗೆ ಮೆಮೊ ಕೊಟ್ಟುಬಿಟ್ಟೆ. ಮಳೆಗಾಲದಲ್ಲಿ ಇವತ್ತು ಕಿತ್ತರೆ ನಾಡಿದ್ದಿಗೆ ಮತ್ತೆ ಹುಲ್ಲು. ಅದು ನನಗೂ ಗೊತ್ತಿತ್ತು. ಅವತ್ತಿಂದ ಅವನು 'ನಮಸ್ಕಾರ ಸಾ' ಅನ್ನೋದು ಬಿಟ್ಟು ಬೇರೆ ಮಾತಾಡಲಿಲ್ಲ. ಈ ಹಲಗೆ ನೋಡೋಕಾದರೂ ಅವನು ಒಂದ್ಸಲ ಮನೆಗೆ ಬರಬೇಕು, ಇದು ನಮ್ಮ ಲೈನೇ ಅನ್ನಬೇಕು. ನನ್ನಾಸೆ ಅಷ್ಟೇ.

೧. ಹಗ್ಗದಂಗಡಿ

ಮೊದಲು ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಉದುರಿಸಿದೆ. ಹುಲ್ಲಾಗಲಿಲ್ಲ, ಪಾಚಿ ಆಯ್ತು. ಹುಲ್ಲು ನೆಟ್ಟಗೆ ನಿಲ್ಲಬೇಕಾದರೆ ನೈಲಾನ್ ಎಳೆ ಬೇಕು ಅಂತ ಮೊಬೈಲಲ್ಲಿ ನೋಡಿದೆ. ಟಿ. ನರಸೀಪುರಕ್ಕೆ ಒಂದು ಮದುವೆಗೆ ಹೋದಾಗ ಅಲ್ಲೇ ಹಗ್ಗದಂಗಡಿ ಹೊಕ್ಕು, ಹಸಿರು ನೈಲಾನ್ ಹಗ್ಗ ಒಂದು ಮಾರು ಕೇಳಿದೆ.

ಹಸೂಗೋ ಎಮ್ಮೆಗೋ ಅಂದ ಅಂಗಡಿಯವನು. ಎರಡಕ್ಕೂ ಅಲ್ಲ, ಕತ್ತರಿಸಿ ಹುಲ್ಲು ಮಾಡೋಕೆ ಅಂದೆ. ಎಷ್ಟುದ್ದದ ಹುಲ್ಲು ಅಂದ. ಮೂರು ಮಿಲಿಮೀಟರ್ ಅಂದೆ.

ಹಗ್ಗ ಅಳೀತಿದ್ದ ಕೈ ಅಲ್ಲೇ ನಿಂತಿತು. ನನ್ನ ಮದುವೆ ಮನೆ ಪಂಚೆ, ಶಲ್ಯ ಎಲ್ಲ ಮೇಲಿಂದ ಕೆಳಗೆ ನೋಡಿದ.

"ಅದ್ನ ಮೇಯೋ ಎಮ್ಮೆ ಎಷ್ಟುದ್ದ ಅದೆ ಸಾ?"

೨. ಸೊಳ್ಳೆ ಬ್ಯಾಟು

ಹುಲ್ಲು ನಿಲ್ಲಿಸೋ ಯಂತ್ರ ಕೊಂಡುಕೊಳ್ಳಬಹುದಿತ್ತು. ಆದರೆ ಮೂವತ್ತು ವರ್ಷ ಸಾಮಾನಿಲ್ಲದೆ ಕೆಲಸ ತೆಗೆಸಿದೋನಿಗೆ ಅದು ಮರ್ಯಾದೆ ಪ್ರಶ್ನೆ. ಸೊಳ್ಳೆ ಹೊಡೆಯೋ ಕರೆಂಟಿನ ಬ್ಯಾಟು ಬಿಚ್ಚಿದೆ. ಅದರ ಬಲೆ ಕಿತ್ತು, ಆ ಜಾಗಕ್ಕೆ ಅಡುಗೆಮನೆಯ ಸ್ಟೀಲಿನ ಟೀ ಸೋಸೋ ಜಾಲರಿ ಕಟ್ಟಿ, ಒಂದು ವೈರನ್ನ ಅದಕ್ಕೆ ಬೆಸೆದೆ. ಇನ್ನೊಂದು ವೈರಿಗೆ ಮೊಳೆ. ಹಲಗೆಗೆ ಗೋಂದು ಬಳಿದು, ಮೊಳೇನ ಆ ಹಸಿಯಲ್ಲಿ ಚುಚ್ಚಿ, ಜಾಲರೀಲಿ ಎಳೆ ತುಂಬಿ, ಗುಂಡಿ ಒತ್ತಿ ಅಲ್ಲಾಡಿಸಿದರೆ ಕರೆಂಟಿನ ಸೆಳೆತಕ್ಕೆ ಎಳೆಗಳು ನೆಟ್ಟಗೆ ನಾಟಿಕೊಳ್ಳಬೇಕು.

ನಾಟಿಕೊಳ್ಳಲಿಲ್ಲ. ಮೊಳೆ ಸರಿಯಾಗಿ ಕೂತಿಲ್ಲ ಅಂತ ಬೆರಳಲ್ಲಿ ಒತ್ತಿದೆ. ಇನ್ನೊಂದು ಕೈ ಗುಂಡಿ ಬಿಟ್ಟಿರಲಿಲ್ಲ, ಜಾಲರಿಗೂ ತಾಕಿತ್ತು. ಹುಲ್ಲಿಗಿಂತ ಮೊದಲು ನನ್ನ ತಲೆಗೂದಲು ಎದ್ದು ನಿಂತಿತು.

ಅಷ್ಟರಲ್ಲಿ ಹುಲ್ಲಹಳ್ಳಿಯಿಂದ ಬೀಗರು ಬಂದರು. ಟೀ ಕುದೀತು, ಜಾಲರಿ ಇಲ್ಲ. ನನ್ನ ಹೆಂಡತಿ ಬ್ಯಾಟನ್ನೇ ಎತ್ತಿಕೊಂಡು ಹೋಗಿ, ತೊಳೆದು, ಬೀಗಿತ್ತಿ ಎದುರಿಗೇ ಹಿಡಿ ಹಿಡಿದು ಟೀ ಸೋಸಿದಳು. ನನಗೆ ಬುದ್ಧಿ ಬರಲಿ ಅಂತ. ಬೀಗಿತ್ತಿ ಲೋಟ ತೊಗೊಂಡು, ಬ್ಯಾಟಿನ ಕಡೆ ನೋಡಿ, ನಂಜನಗೂಡಲ್ಲಿ ಟೀ ಒಳಗೂ ಅಷ್ಟೊಂದು ಸೊಳ್ಳೆ ಬೀಳ್ತಾವಾ ಅಂತ ಕೇಳಿದರು.

೩. ಮೆಮೊ

ಅಡುಗೆಮನೆಗೆ ಹೊಸ ಜಾಲರಿ ತಂದುಕೊಟ್ಟು, ಮೊಳೇನ ಸರಿಯಾಗಿ ಕೂರಿಸಿದ ಮೇಲೆ ಮನೇಲಿ ಶಾಂತಿ, ಹಲಗೇಲಿ ಹುಲ್ಲು. ಸಣ್ಣಗೆ ಚಿಟಚಿಟ ಅಂದುಕೊಂಡು ಒಂದೊಂದೇ ಎಳೆ ಎದ್ದು ನಿಂತಾಗ ನಾನು ಅತ್ತೇಬಿಟ್ಟೆ. ದಿಬ್ಬದ ಮೇಲೆ ನಾಟಿದೆ, ಪ್ಲಾಟ್‌ಫಾರಂ ಅಂಚಿಗೆ ನಾಟಿದೆ, ಕೈಗೆ ರುಚಿ ಹತ್ತಿ ಹಳಿ ಮಧ್ಯೆಯೂ ಸೊಂಪಾಗಿ ನಾಟಿದೆ.

ಗ್ಯಾಂಗ್‌ಮನ್‌ಗೆ ಫೋನ್ ಮಾಡಿದೆ. ಭಾನುವಾರ ಬತ್ತೀನಿ ಅಂದ.

ಬಂದ. ತಲೆ ಪೂರ್ತಿ ನರೆತಿತ್ತು. ಹಲಗೆ ಮುಂದೆ ನಿಂತು ಸ್ಟೇಷನ್ ನೋಡಿದ, ಗೇಟು ನೋಡಿದ, ಹಳಿ ನೋಡಿದ. ಮುಖ ಗಂಟಿಕ್ಕಿತು. ಹಗ್ಗದ ಎಳೆ ಹಿಡಿಯೋಕೆ ನಾನಿಟ್ಟಿದ್ದ ಚಿಮಟ ತೊಗೊಂಡು, ಸ್ಟೂಲೆಳೆದು ಕೂತು, ಹಳಿ ಮಧ್ಯದ ಹುಲ್ಲು ಕೀಳೋಕೆ ಶುರುಮಾಡಿದ.

ಏನಯ್ಯಾ, ಮೂರು ತಿಂಗಳ ಕೆಲಸ ಅದು ಅಂದೆ.

"ನನ್ ಅಳಿ ಮಧ್ಯ ಉಲ್ಲಿತ್ತು ಅಂತ ಇನ್ನೊಂದ್ಸಲ ಯಾರೂ ಅನ್ಬಾರ್ದು ಸಾ."

ತಪ್ಪಾಯ್ತು ಕಣಯ್ಯಾ ಅಂದೆ. ಅವನು ಚಿಮಟ ಬಿಡಲಿಲ್ಲ. ಇಡೀ ಸ್ಟೇಷನ್ನಿನ ಹುಲ್ಲು ಕಿತ್ತು ಮುಗಿಸಿದ. ದಿಬ್ಬದ್ದು ಬಿಟ್ಟ, ಅದು ದನಕ್ಕಾಯ್ತದೆ ಅಂದ. ಡ್ಯೂಟಿ ಮುಗಿಸಿ ಹೊರೆ ಹುಲ್ಲು ಹೊತ್ತು ಮನೆಗೆ ಹೋಗ್ತಿದ್ದ ಕಾಲ ಅವನ ಕಣ್ಣಲ್ಲೂ ಇತ್ತು, ನನ್ನ ಕಣ್ಣಲ್ಲೂ ಬಂತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಈಗ ನಮ್ ಲೈನ್ ಆಯ್ತು ನೋಡಿ ಅಂದು, ಒಂದು ಕಾಗದ ಕೇಳಿದ.

ತಾನು ಹೇಳ್ತಾ ಹೋದ, ನನ್ನ ಕೈಲೇ ನನಗೇ ಮೆಮೊ ಬರೆಸಿದ. ಹಳಿ ಮಧ್ಯೆ ಹುಲ್ಲು ಬೆಳೆಸಿದ್ದಕ್ಕೆ. ಕೆಳಗೆ ಇನ್‌ಸ್ಪೆಕ್ಟರ್ ಜಾಗದಲ್ಲಿ ತನ್ನ ಸಹಿ ಹಾಕಿದ. ಇಬ್ಬರೂ ಟೀ ಕುಡಿದೆವು, ಅವನು ತಂದಿದ್ದ ಬೇಯಿಸಿದ ಕಡ್ಲೇಕಾಯೀಲಿ ನನಗೂ ಪಾಲು ಬಂತು. ಚಪ್ಪಲಿ ಮೆಟ್ಟುತ್ತಾ ಹೇಳಿದ:

"ಏಳು ದಿನ ಟೈಮದೆ ಸಾ. ಬರೋ ಭಾನುವಾರ ನಾನೇ ಬಂದು ಉತ್ತರ ಇಸ್ಕತ್ತೀನಿ."

ನಾಲ್ಕು ಭಾನುವಾರ ಆಯ್ತು. ತಪ್ಪದೆ ಬಂದು ಕೇಳ್ತಾನೆ. ನಾನಿನ್ನೂ ಬರೆದಿಲ್ಲ. ಪ್ರತಿ ಶನಿವಾರ ಸಂಜೆ ಮಾತ್ರ ಹಳಿ ಮಧ್ಯೆ ಮತ್ತಿಷ್ಟು ಹುಲ್ಲು ನಾಟಿ ಇಡ್ತೀನಿ.