ನನ್ನ ಫೋಟೊಗೆ ಗಂಧದ ಹಾರ

ಯುದ್ಧಭೂಮಿಯಲ್ಲಿ ಬೆಚ್ಚಿಬಿದ್ದದ್ದಕ್ಕಿಂತ ಊರಿಗೆ ಬಂದ ಮೇಲೆ ನಾನು ಬೆಚ್ಚಿಬಿದ್ದದ್ದೇ ಹೆಚ್ಚು. ಅಲ್ಲಿ ಗುಂಡು ಯಾವ ಕಡೆಯಿಂದ ಬರುತ್ತದೆ ಎಂಬ ಅಂದಾಜಾದರೂ ಇರುತ್ತಿತ್ತು. ಶೌರ್ಯ ಪದಕ ಇಟ್ಟುಕೊಂಡು ಶಿವಮೊಗ್ಗದಲ್ಲಿ ಬದುಕುವವನಿಗೆ ಆ ಅನುಕೂಲವೂ ಇಲ್ಲ.

ಉಗ್ರಾಣ

ಮೊದಲು ನನ್ನ ಸುಳ್ಳನ್ನು ಹೇಳಿಬಿಡುತ್ತೇನೆ. ಯುದ್ಧಕ್ಕೆ ಹೊರಟಾಗ ಮಗಳಿಗೆ ಮೂರು ತಿಂಗಳು. ಹೆಂಡತಿ ಮಗುವಿನ ತಲೆ ಮೇಲೆ ನನ್ನ ಕೈ ಇಡಿಸಿ, "ಮುಂದಕ್ಕೆ ನುಗ್ಗಲ್ಲ ಅಂತ ಆಣೆ ಮಾಡಿ" ಎಂದಳು. ಮಾಡಿದೆ. ಅಲ್ಲಿ ಹೋಗಿ ಮುರಿದೆ. ಮುರಿದದ್ದಕ್ಕೆ ಪದಕ ಕೊಟ್ಟರು. ಮನೆಗೆ ಬಂದು, "ನಾನು ರೇಷನ್ ಸ್ಟೋರಲ್ಲಿದ್ದೆ, ಪದಕ ಎಲ್ಲರಿಗೂ ಕೊಟ್ರು" ಎಂದೆ. ಅವಳು ನಂಬಿದಳು. ಪದಕದ ಜತೆ ಬಂದ, ಅವಳಿಗೆ ಓದಲು ಬಾರದ ಹಿಂದಿ ಕಾಗದ ಟ್ರಂಕಿನ ತಳ ಸೇರಿತು.

ಭದ್ರಾವತಿಯಲ್ಲಿ ನಾದಿನಿಯ ಮದುವೆ. ಯಾರೋ ನೆಂಟರು ನನ್ನ ಧೈರ್ಯ ಹೊಗಳಿದರು. ಹೆಂಡತಿ ನಕ್ಕು, "ಅಯ್ಯೋ, ಇವರು ಅಲ್ಲಿ ಅಕ್ಕಿ ಅಳೀತಿದ್ದದ್ದು" ಎಂದಳು. ಅತ್ತೆ ಅದನ್ನೇ ಹಿಡಿದುಕೊಂಡು ಉಗ್ರಾಣದ ಬೀಗದ ಕೈ ನನಗೆ ಕೊಟ್ಟರು. ಅಷ್ಟು ಜನಕ್ಕೆ ಎಷ್ಟು ಅಕ್ಕಿ ಬೇಕೆಂದು ನನಗೇನು ಗೊತ್ತು? ಎರಡನೇ ಪಂಕ್ತಿಗೇ ಅನ್ನ ಮುಗಿಯಿತು. ಬೀಗರು ಖಾಲಿ ಎಲೆಯ ಮುಂದೆ ಕೂತಿದ್ದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಅಳಿಯಂದ್ರೇ, ನೀವು ಅಳೆದು ಕೊಟ್ಟಿದ್ದು ತಿಂದ್ಕೊಂಡು ನಮ್ಮವರು ಗೆದ್ದಿದ್ದು ಹೆಂಗೆ?"

ಫ್ರೇಮು

ಹೋದ ವರ್ಷ ಹೆಂಡತಿ ನನ್ನ ಯೂನಿಫಾರಂ ಫೋಟೊವನ್ನು, ಎದೆ ಮೇಲೆ ಪದಕ ಇರುವುದನ್ನು, ಸವಳಂಗ ರಸ್ತೆಯ ಒಂದು ಅಂಗಡಿಗೆ ಫ್ರೇಮ್ ಹಾಕಿಸಲು ಕೊಟ್ಟುಬಂದಳು. ತರಲು ನಾನು ಹೋದೆ. ಫೋಟೊಗೆ ಗಂಧದ ಹಾರ, ಕೆಳಗೆ ಕೆಂಪು ಬಲ್ಬು.

"ಇದ್ಯಾಕೆ ಹಾರ ಮಾರಾಯ್ರೇ?"

"ಯೂನಿಫಾರಂ, ಮೆಡಲ್ಲು ಎರಡೂ ಇರೋ ಫೋಟೊಗೆ ಹಿಂಗೇ ಮಾಡೋದು ಸಾರ್. ಕೇಳಿ ಅಕ್ಕನ್ನ ಯಾಕೆ ನೋಯಿಸೋದು ಅಂತ ನಾನೇ ಹಾಕ್ದೆ." ಅಂಗಡಿಯವರು ಫೋಟೊ ನೋಡಿದರು, ನನ್ನ ಮುಖ ನೋಡಿದರು. ದನಿ ತಗ್ಗಿಸಿ, "ನೀವು ಅವರ ಅಣ್ಣ ಅಲ್ವಾ? ಹೋಲಿಕೆ ಗೊತ್ತಾಗುತ್ತೆ" ಎಂದರು.

ಮನೆಗೆ ಬಂದು ನಡೆದದ್ದು ಹೇಳಿದೆ. ಹೆಂಡತಿ ಹೌಹಾರಿದಳು. "ಬಿಡ್ತು ಅನ್ನಿ, ಬಿಡ್ತು ಅನ್ನಿ" ಎನ್ನುತ್ತಾ ಹಾರ ಕಿತ್ತು ಹಿತ್ತಲಿಗೆ ಎಸೆದಳು. ನನ್ನನ್ನು ಕೂರಿಸಿ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ಸಾಲದೆಂದು ಫೋಟೊಗೂ ಒಂದು ಸಲ ನಿವಾಳಿಸಿದಳು.

ಸನ್ಮಾನ

ನಮ್ಮೂರಿನ ಕೋಟೆ ಪ್ರದೇಶದ ಒಂದು ಸಂಘದವರು ಸನ್ಮಾನದ ವಿಷಯಕ್ಕೆ ಮನೆಗೆ ಬಂದಾಗ ನಾನಿರಲಿಲ್ಲ. ಹೆಂಡತಿ ಫೋಟೊ ಕೊಟ್ಟಳು, ಟ್ರಂಕಿನ ಕಾಗದವನ್ನೂ ಕೊಟ್ಟಳು. ಅವರೂ ಅಕ್ಕನನ್ನು ನೋಯಿಸಲಿಲ್ಲ, ಏನೂ ಕೇಳಲಿಲ್ಲ. ಕಾಗದ ಹೋಯಿತೆಂದು ನನಗೆ ಆಮೇಲೆ ತಿಳಿಯಿತು. ಹಿಂದಿಯಲ್ಲೇ ಓದಲಿ ದೇವರೇ ಎಂದು ಬೇಡಿಕೊಂಡೆ.

ಸಭೆಗೆ ಹೋದರೆ ವೇದಿಕೆ ಮೇಲೆ ನನ್ನ ಫೋಟೊ, ಅದಕ್ಕೆ ಮತ್ತೆ ಗಂಧದ ಹಾರ. ನನ್ನನ್ನು ಯಾರೋ ನೆಂಟರೆಂದುಕೊಂಡು ಮೂರನೇ ಸಾಲಿಗೆ ಕಳಿಸಿದರು. ಹೆಂಡತಿಯನ್ನು ಕೈಮುಗಿದು ವೇದಿಕೆಗೆ ಕರೆದೊಯ್ದರು. ಹಾರ ನೋಡಿ ಅವಳು ಬಾಯಿ ತೆರೆಯುವಷ್ಟರಲ್ಲಿ, "ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು" ಎಂದರು. ನಾನೂ ಎದ್ದು ನಿಂತೆ. ಆರ್ಮಿಯ ಅಭ್ಯಾಸ.

ಮೌನ ಮುಗಿದದ್ದೇ ಸಂಘದ ಕಾರ್ಯದರ್ಶಿಗಳು ಕಾಗದ ಬಿಡಿಸಿದರು. ಅಚ್ಚುಕಟ್ಟಾಗಿ ಕನ್ನಡಕ್ಕೆ ತರ್ಜುಮೆ ಮಾಡಿಸಿದ್ದರು. ಗುಂಡುಗಳ ನಡುವೆ ತೆವಳಿಕೊಂಡು ಮುಂದೆ ಹೋದದ್ದು, ಗಾಯಗೊಂಡ ಇಬ್ಬರನ್ನು ಒಬ್ಬೊಬ್ಬರಾಗಿ ಹೊತ್ತು ತಂದದ್ದು, ಬೇಡವೆಂದರೂ ಮೂರನೆಯವನಿಗಾಗಿ ಮತ್ತೆ ಹೋದದ್ದು, ಒಂದನ್ನೂ ಬಿಡದೆ ಓದಿದರು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು. ಯುದ್ಧದಲ್ಲೂ ಆಗದಷ್ಟು ಭಯ ನನಗಾಯಿತು.

ಅವಳು ಮೈಕು ತೆಗೆದುಕೊಂಡಳು. "ಇವರು ಹೋಗಿಲ್ಲ. ಮೂರನೇ ಸಾಲಲ್ಲಿ ಕೂತಿದ್ದಾರೆ."

ಸಭೆಯೆಲ್ಲ ನನ್ನ ಕಡೆ ತಿರುಗಿತು. ಕಾರ್ಯದರ್ಶಿಗಳು ಗಾಬರಿಯಾಗಿ ಹಾರ ತೆಗೆಯಲು ಓಡಿದರು.

"ತೆಗೀಬೇಡಿ" ಎಂದಳು ಹೆಂಡತಿ, ಕಣ್ಣೊರೆಸಿಕೊಂಡು. "ಇವರು ಮನೆಗೆ ಬಂದ್ಮೇಲೆ ಬೇಕಾಗುತ್ತೆ."