ಮುನಿತಾಯಮ್ಮನ ಕಕ್ಕಸಿನ ತೂಬು

ಕಲ್ಲುಕುಂಟೆಯ ಮುನಿತಾಯಮ್ಮನಿಗೆ ತನ್ನ ಮನೆಯ ಕಕ್ಕಸಿನಲ್ಲಿ ಕೂರುವ ಹಕ್ಕಿತ್ತು. ನೀರು ಬಿಡುವ ಹಕ್ಕಿರಲಿಲ್ಲ. ತೂಬಗೆರೆ ಹೋಬಳಿಯ ಆ ಊರಲ್ಲಿ, ಮಂಡಲ ಪಂಚಾಯಿತಿಯ ಕಾಲದಲ್ಲಿ, ಇದು ಎಲ್ಲರೂ ಒಪ್ಪಿದ್ದ ಕಾನೂನು.

ಆಗಿದ್ದಿಷ್ಟೇ. ಬಾಣಂತನಕ್ಕೆ ನೆಲಮಂಗಲದ ತವರಿಗೆ ಹೋಗಿದ್ದ ಸೊಸೆ ಚೈತ್ರ, "ಅತ್ತೆ, ಕೂಸನ್ನ ಬಿಟ್ಟು ಚೆಂಬು ಹಿಡ್ಕೊಂಡು ಕೆರೆ ಹಿಂದಕ್ಕೆ ಓಡೋಕೆ ನನ್ನ ಕೈಲಾಗಲ್ಲ. ಕಕ್ಕಸು ಕಟ್ಟಿಸಿ, ಬರ್ತೀನಿ" ಅಂತ ಹೇಳಿಕಳಿಸಿದಳು. ಮೊಮ್ಮಗಳನ್ನು ಎತ್ತಿ ಆಡಿಸದೆ ಮುನಿತಾಯಮ್ಮನ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ಮಗ ಕೆಂಪರಾಜನನ್ನು ಪಂಚಾಯಿತಿಗೆ ಅಟ್ಟಿ ಅಟ್ಟಿ, ಹಿತ್ತಲಲ್ಲಿ ಸರ್ಕಾರಿ ಕಕ್ಕಸು ಎಬ್ಬಿಸಿಯೇಬಿಟ್ಟಳು. ಬಿಳೀ ಬೇಸಿನ್ನು, ತಗಡಿನ ಬಾಗಿಲು, ಹಿಂದುಗಡೆ ಚಪ್ಪಡಿ ಮುಚ್ಚಿದ ಗುಂಡಿ. ಬಾಗಿಲ ಮೇಲೆ ಪಂಚಾಯಿತಿಯವರು ಬರೆಸಿದ್ದರು: 'ಕೂರುವ ಮೊದಲು ಬೇಸಿನ್ ನೆನೆಸತಕ್ಕದ್ದು. ಎದ್ದ ಮೇಲೆ ನೀರು ಬಿಡತಕ್ಕದ್ದು. ಸೋಪು ಹಾಕಿ ಕೈ ತೊಳೆಯತಕ್ಕದ್ದು.'

'ನೀರು ಬಿಡತಕ್ಕದ್ದು' ಅನ್ನುವ ಮಾತು ನೀರುಗಂಟಿ ಚಿಕ್ಕಬೀರಪ್ಪನ ಕಿವಿಗೆ ಬಿತ್ತು. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಮನೆತನದ ಕಸುಬು. ಬೇರೆ ಯಾರೂ ತೂಬು ಮುಟ್ಟುವಂತಿಲ್ಲ. ಅದಕ್ಕೆ ಸುಗ್ಗಿಯಲ್ಲಿ ಮನೆಮನೆಯಿಂದ ಒಂದೊಂದು ಮೊರ ರಾಗಿ ಅವನಿಗೆ ಆಯ. ಕೆರೆ ಬತ್ತಿದ ಮೇಲೆ ಆಯವೂ ಬತ್ತಿತ್ತು. ಪೇಟ ಸುತ್ತಿ, ಹೆಗಲಿಗೆ ಗುದ್ದಲಿ ಏರಿಸಿಕೊಂಡು ಪಂಚಾಯಿತಿ ಕಾರ್ಯದರ್ಶಿ ರವಿಶಂಕರ್ ಮುಂದೆ ಹೋಗಿ ನಿಂತ.

"ಸ್ವಾಮಿ, ಈ ಊರಲ್ಲಿ ನೀರು ಬಿಡೋನು ನಾನು. ಮುನಿತಾಯಕ್ಕ ತಾನೇ ಬಕೀಟಲ್ಲಿ ಬಿಡ್ತಾವ್ಳೆ. ನನ್ನ ಹೊಟ್ಟೆ ಮೇಲೆ ಹೊಡೆದಂಗಾಯ್ತಲ್ಲ?"

ಕಾರ್ಯದರ್ಶಿ ಯೋಚಿಸಿದರು. ಬಿಡತಕ್ಕದ್ದು ಅಂತ ಸರ್ಕಾರ ಹೇಳಿದೆ. ಯಾರು ಬಿಡತಕ್ಕದ್ದು ಅಂತ ಹೇಳಿಲ್ಲ. ಆಯದಲ್ಲಿ ತಮಗೂ ಒಂದು ಪಾಲು ಉಂಟೆಂದು ಖಚಿತವಾದ ಮೇಲೆ ಅವರಿಗೆ ಕಾನೂನು ಸ್ಪಷ್ಟವಾಯಿತು. ತಮಟೆ ಹೊಡೆಸಿ ಸಾರಿಸಿದರು: "ಮನೆ ಕಕ್ಕಸಿನ ತೂಬು ನೀರುಗಂಟಿಯ ಸುಪರ್ದಿಗೆ ಸೇರಿದ್ದು. ಅದಕ್ಕೆ ಸುಗ್ಗಿಯಲ್ಲಿ ಒಂದು ಮೊರ ರಾಗಿ ಆಯ ಕೊಡತಕ್ಕದ್ದು. ಕೂತವರು ಏಳುವ ಮುನ್ನ ಅವನಿಗೆ ತಿಳಿಸತಕ್ಕದ್ದು. ಅವಸರವುಳ್ಳವರು ಮುಂಚಿತವಾಗಿ ತಿಳಿಸತಕ್ಕದ್ದು!"

ಅವತ್ತಿನಿಂದ ಮುನಿತಾಯಮ್ಮ ಒಳಗಿಂದಲೇ, "ಚಿಕ್ಕಬೀರಪ್ಪಾ, ಆಯ್ತು ಬಾರೋ!" ಅಂತ ಕೂಗಬೇಕಾಯಿತು. ಅವನು ಬರುತ್ತಿದ್ದ, ಚಪ್ಪಲಿ ಬಿಡುತ್ತಿದ್ದ, ಬಕೀಟಿಗೆ ಕೈಮುಗಿದು ನೀರು ಹೊಯ್ಯುತ್ತಿದ್ದ. ಆಮೇಲೆ ಹಿಂದೆ ಕೆರೆ ಏರಿಯ ಮೇಲೆ ನಿಂತು ಕೂಗಿದ ಹಾಗೆಯೇ ಊರಿಗೆ ಮುಖಮಾಡಿ ಕೂಗುತ್ತಿದ್ದ, "ತೂಬು ಎತ್ತೈತೆ ಓಓಓ! ಕೆಳಗಿನೋರು ಹುಷಾರು!"

ಬೋರ್‌ವೆಲ್ ಹತ್ತಿರ ಹೆಂಗಸರು ಕೇಳುತ್ತಿದ್ದರು, "ಏನಕ್ಕಾ, ಇವತ್ತು ತೂಬು ತಡವಾಗಿ ಎದ್ದಂಗಿತ್ತು?"

"ನೆನ್ನೆ ಅವರೆಕಾಳು ಸಾರು ಕಣೇ" ಅನ್ನುತ್ತಿದ್ದಳು ಮುನಿತಾಯಮ್ಮ. ಮುಚ್ಚಿಡಲು ಇನ್ನೇನು ಉಳಿದಿತ್ತು?

ಹಿತ್ತಲ ಕೆಳಗಿನ ಗದ್ದೆಯ ಸೊಣ್ಣಪ್ಪ ತಕರಾರು ತೆಗೆದ. "ತೂಬು ಎತ್ತಿದ್ಮೇಲೆ ಕೆಳಗಿನ ಗದ್ದೆಗೆ ನೀರು ಬರಬೇಕು. ನನ್ನ ಪಾಲೆಲ್ಲಿ?"

"ಗುಂಡೀಲೈತೆ ಮಾವ. ಚಪ್ಪಡಿ ತೆಗೀಲಾ?" ಅಂದ ಕೆಂಪರಾಜ.

"ಬ್ಯಾಡ ಬ್ಯಾಡ. ಸರದಿ ಬರಲಿ."

ಕಾರ್ಯದರ್ಶಿಗಳು ಸ್ಥಳ ಪರಿಶೀಲಿಸಿ, ಸೊಣ್ಣಪ್ಪನ ಗದ್ದೆಯನ್ನು ಸದರಿ ಕಕ್ಕಸಿನ ಅಚ್ಚುಕಟ್ಟು ಪ್ರದೇಶವೆಂದು ಘೋಷಿಸಿದರು. ಗದ್ದೆಯಲ್ಲಿ ಹುರುಳಿ ಬಿಟ್ಟರೆ ಏನೂ ಬೆಳೆಯುತ್ತಿರಲಿಲ್ಲ. ಆದರೂ ಅದು ನೀರಾವರಿ ಜಮೀನಾಯಿತು. ಸೊಣ್ಣಪ್ಪ ದಿನಾ ಬಂದು, "ಅಕ್ಕಾ, ಹೊಟ್ಟೆ ತುಂಬ ಉಣ್ಣು, ನಮ್ಮ ಕಡೆ ನೀರು ಸಾಲ್ತಿಲ್ಲ" ಅಂತ ಉಪಚಾರ ಹೇಳಿ ಹೋಗುತ್ತಿದ್ದ.

ಇದನ್ನೆಲ್ಲ ಮುನಿತಾಯಮ್ಮ ಸಹಿಸಿಕೊಂಡಳು. ಸಹಿಸಲಾಗದ್ದು ನೆಲಮಂಗಲದಿಂದ ಬಂತು. "ನಾನು ಕಕ್ಕಸಿಗೆ ಹೋಗಿದ್ದನ್ನ ಊರಿಗೆಲ್ಲ ಸಾರೋದಾದ್ರೆ ಕೆರೆ ಹಿಂದೇನೇ ವಾಸಿ. ನಾನೂ ಬರಲ್ಲ, ಮಗೂನೂ ಬರಲ್ಲ."

ಮುನಿತಾಯಮ್ಮ ಒಂದು ದಿನವೆಲ್ಲ ಸೆರಗಲ್ಲಿ ಕಣ್ಣೊರೆಸಿಕೊಂಡು ಕೂತಳು. ಆಮೇಲೆ ಎದ್ದು ಚಿಕ್ಕಬೀರಪ್ಪನ ಜಗಲಿಗೆ ಹೋದಳು. ಅವನಿಗೆ ಮಕ್ಕಳಿರಲಿಲ್ಲ.

"ನಿನ್ನ ಕಾಲಕ್ಕೆ ಆಯ್ತು. ಆಮೇಲೆ ಈ ತೂಬು ಹಿಡಿಯೋರು ಯಾರೋ?"

ಅವನ ಕಣ್ಣಲ್ಲಿ ನೀರಾಡಿತು. ಅದನ್ನು ಅವನೇ ಬಿಡಬೇಕಾಗಿದ್ದರಿಂದ ಬಿಟ್ಟ.

"ನನ್ನ ಮೊಮ್ಮಗಳನ್ನ ನೀರುಗಂಟಿ ಮಾಡ್ಕೊಳೋ. ಅವಳು ದೊಡ್ಡೋಳಾಗೋ ಗಂಟ ಅವರವ್ವ ಅವಳ ಪರವಾಗಿ ನೀರು ಬಿಡ್ತಾಳೆ. ರಾಗಿ ನಿಂಗೇ ಇರಲಿ."

"ಅದ್ಸರಿ ಅಕ್ಕಾ, ಕೂಗೋರು?"

"ಕೂಸೇ ಕೂಗ್ತದೆ ಬಿಡು. ಹೊತ್ತುಗೊತ್ತಿಲ್ಲದೆ ಕೂಗ್ತದಂತೆ."

ಅವನಿಗೆ ಸರಿ ಕಾಣಿಸಿತು. ಕೂಸು ಹಾಲಿಗೆ ಕೂಗಿತೋ ತೂಬಿಗೆ ಕೂಗಿತೋ ಯಾರಿಗೂ ತಿಳಿಯದು ಅನ್ನುವುದು ಚೈತ್ರಳಿಗೂ ಸರಿ ಕಾಣಿಸಿತು. ಬಂದಳು.

ಪಂಚಾಯಿತಿಯ ಮುಂದೆ ಕೂಸಿಗೆ ಪುಟ್ಟ ಪೇಟ ಸುತ್ತಿ, ಅಧಿಕಾರ ಕೊಡಲು ಕಾರ್ಯದರ್ಶಿಯ ತೊಡೆಯ ಮೇಲೆ ಕೂರಿಸಿದರು. ಹೊಸ ನೀರುಗಂಟಿ ತಕ್ಷಣವೇ ಕೆಲಸಕ್ಕೆ ಹಾಜರಾಯಿತು. ಬೆಚ್ಚಗಿನ ನೀರು ಕಾರ್ಯದರ್ಶಿಯ ಪ್ಯಾಂಟಿನಲ್ಲಿ ಕಾಲುವೆ ಹಿಡಿದು ಹರಿಯಿತು. ನಿಲ್ಲಿಸುವ ಅಧಿಕಾರ ತಮಗಿಲ್ಲವಾದ್ದರಿಂದ ಅವರು ಕದಲದೆ ಕೂತರು.

ಊರೇ ಕೂಸಿನ ಬಾಯಿ ನೋಡಿತು. ಕೂಗಿಲ್ಲದೆ ನೀರು ಬಿಟ್ಟರೆ ಅದು ಅಕ್ರಮ. ಅಷ್ಟರಲ್ಲಿ ಕೂಸು ಬಾಯಿ ತೆರೆದು ಸೂರು ಹಾರಿಹೋಗುವಂತೆ ಅತ್ತಿತು.

"ಕಾನೂನು ಪ್ರಕಾರ ಐತೆ" ಅಂದ ಚಿಕ್ಕಬೀರಪ್ಪ, ಹೆಮ್ಮೆಯಿಂದ.

ಸೊಣ್ಣಪ್ಪ ಗುದ್ದಲಿ ಎತ್ತಿಕೊಂಡು ಗದ್ದೆಯ ಕಡೆ ಓಡಿದ.