ಕೋಡಿಗೇಹಳ್ಳಿಯಲ್ಲಿ ಬಸ್ಸು ನಿಲ್ಲಿಸಿದ್ದು

ಬಸ್ಸು ಹತ್ತುವುದರಲ್ಲಿ ಏನು ಮಹಾ ಇದೆ? ಸ್ಟಾಪಿಗೆ ಹೋಗಬೇಕು, ಬಸ್ಸು ಬಂದಾಗ ಹತ್ತಬೇಕು, ಟಿಕೆಟ್ ತೆಗೆದುಕೊಳ್ಳಬೇಕು. ಕೆಲಸಕ್ಕೆ ಸೇರಿದ ದಿನ ಈ ವಿಷಯದಲ್ಲಿ ನನಗಿದ್ದ ಜ್ಞಾನ ಇಷ್ಟೇ. ಅದು ಸಾಕೆಂದೂ ನಂಬಿದ್ದೆ. ಟೈಪಿಂಗ್ ಸೀನಿಯರ್ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿದವಳು, ಅತ್ತೆಯವರ ಮುಂದೆ ಹೋಳಿಗೆ ತಟ್ಟಿ ಸೈ ಅನ್ನಿಸಿಕೊಂಡವಳು, ಬಸ್ಸೊಂದಕ್ಕೆ ಹೆದರುತ್ತೇನೆಯೇ!

ಎಂಬತ್ತರ ದಶಕದ ಮೊದಲ ವರ್ಷಗಳವು. ಸಹಕಾರನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಾವು ಅಲ್ಲಿ ಮನೆ ಮಾಡಿದಾಗ ನೆಂಟರೆಲ್ಲ "ಅಷ್ಟು ದೂರ ಯಾರು ಬರ್ತಾರೆ" ಎಂದು ಮರುಗಿದರು, ಹೇಳಿದ ಹಾಗೆ ಬರಲೂ ಇಲ್ಲ. ನನಗೆ ಮೆಜೆಸ್ಟಿಕ್ ಹತ್ತಿರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಬಳ್ಳಾರಿ ರಸ್ತೆಯ ಕೋಡಿಗೇಹಳ್ಳಿ ಸ್ಟಾಪಿನಲ್ಲಿ ಯಲಹಂಕದ ಬಸ್ಸು ಹತ್ತಿದರೆ ನೇರವಾಗಿ ಮೆಜೆಸ್ಟಿಕ್ಕಿಗೇ ಹೋಗಿ ಇಳಿಯಬಹುದಿತ್ತು.

ನಮ್ಮ ಯಜಮಾನರದು ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಅವರಿಗೆ ಫ್ಯಾಕ್ಟರಿ ಬಸ್ಸಿತ್ತು. ಅದು ನಮ್ಮ ರಸ್ತೆಯ ಮೂಲೆಗೇ ಬಂದು, ಹಾರ್ನ್ ಹೊಡೆದು, ಇವರು ತಿಂಡಿ ಮುಗಿಸಿ ಬಾಯಿ ಒರೆಸಿಕೊಂಡು ಬರುವವರೆಗೂ ಕಾಯುತ್ತಿತ್ತು. ಹೀಗಾಗಿ ಬಸ್ ಪ್ರಯಾಣದ ಬಗ್ಗೆ ಅವರಿಗೆ ಬಹಳ ಒಳ್ಳೆಯ ಅಭಿಪ್ರಾಯ.

ನಮ್ಮ ಸಿಟಿ ಬಸ್ಸಿನ ಸ್ವಭಾವವೇ ಬೇರೆ. ಅದು ಯಲಹಂಕದಲ್ಲೇ ತುಂಬಿಕೊಂಡು ಬರುತ್ತಿತ್ತು. ಸ್ಟಾಪಿನ ಬೋರ್ಡ್ ಹತ್ತಿರ ಒಂದಿಷ್ಟು ನಿಧಾನವಾಗಿ, ನಮ್ಮನ್ನೆಲ್ಲ ನೋಡಿ, ಮತ್ತೆ ಜೋರಾಗಿ, ಬಹಳ ಮುಂದಿನ ಹೊಂಗೆ ಮರದ ಕೆಳಗೆ ಹೋಗಿ ಅರೆಕ್ಷಣ ನಿಲ್ಲುತ್ತಿತ್ತು. ಗಂಡಸರು ಪ್ಯಾಂಟು ಎತ್ತಿಕೊಂಡು ಓಡಿ ಹಿಂದಿನ ಬಾಗಿಲ ಫುಟ್‌ಬೋರ್ಡಿಗೆ ನೇತುಬೀಳುತ್ತಿದ್ದರು. ಹೆಂಗಸರು ಹತ್ತಬೇಕಾದದ್ದು ಮುಂದಿನ ಬಾಗಿಲಲ್ಲಿ. ಅಂದರೆ ಸೀರೆ, ವ್ಯಾನಿಟಿ ಬ್ಯಾಗು, ಊಟದ ಡಬ್ಬಿ, ಛತ್ರಿ ಸಮೇತ ಗಂಡಸರಿಗಿಂತ ಇಡೀ ಒಂದು ಬಸ್ಸಿನಷ್ಟು ಉದ್ದ ಹೆಚ್ಚಿಗೆ ಓಡಬೇಕು. ನಾವು ಹಿಂದಿನ ಚಕ್ರದವರೆಗೆ ಬರುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿ, "ಹಿಂದ್ಗಡೆ ಖಾಲಿ ಗಾಡಿ ಬರ್ತೈತೆ ಕಣ್ರಮ್ಮಾ" ಎಂದು ಸಮಾಧಾನ ಹೇಳಿ ಹೊರಟುಬಿಡುತ್ತಿದ್ದ. ಆ ಖಾಲಿ ಗಾಡಿಯನ್ನು ನಾನು ಇಂದಿನವರೆಗೂ ನೋಡಿಲ್ಲ. ನೋಡಿದವರನ್ನೂ ನೋಡಿಲ್ಲ.

ಪರಿಣಾಮವಾಗಿ ಕಚೇರಿಗೆ ದಿನವೂ ತಡ. ನಮ್ಮ ಸೂಪರಿಂಟೆಂಡೆಂಟರು ಕೆಟ್ಟವರಲ್ಲ, ಆದರೆ ಸ್ಕೂಟರ್ ಇದ್ದವರು. ಒಂದು ಶನಿವಾರ ನನ್ನನ್ನು ಕರೆದು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ವಿಷಯ ಗಂಭೀರವೆಂದು ಕಚೇರಿಗೆಲ್ಲ ಗೊತ್ತು.

"ನೋಡಮ್ಮ ವಿಮಲಾ, ನೀವಿನ್ನೂ ಪ್ರೊಬೇಷನ್‌ನಲ್ಲಿದ್ದೀರಿ. ಈ ತಿಂಗಳು ಇನ್ನೊಂದು ಸಲ ಲೇಟಾದ್ರೆ ನಾನು ನಿಮ್ಮ ಪರವಾಗಿ ಬರೆಯೋಕಾಗಲ್ಲ."

"ಬಸ್ಸು ನಿಲ್ಲಿಸೋದಿಲ್ಲ ಸರ್."

"ಗಂಡಸರೆಲ್ಲ ಅದೇ ಬಸ್ಸಲ್ಲಿ ಬರ್ತಾರಲ್ಲಮ್ಮ?"

ಆ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಇಂಥವರ ಮಗಳು, ಇಂಥವರ ಸೊಸೆ ಎಂದು ಯಾರೂ ಕೇಳದೆ ಬರೀ ನನ್ನ ಹೆಸರು ಹಿಡಿದು ಕರೆಯುತ್ತಿದ್ದ ಜಾಗ ಅದೊಂದೇ. ಮನೆಗೆ ಬಂದು ಯಜಮಾನರಿಗೆ ಹೇಳಿದೆ.

"ಸ್ವಲ್ಪ ಮುಂಚೆ ಹೊರಡ್ಬೇಕು ಕಣೇ," ಎಂದರು.

"ಮುಂಚೆ ಹೊರಟ್ರೆ ಮುಂಚಿನ ಬಸ್ಸು ನಿಲ್ಲಿಸೋದಿಲ್ಲ ರೀ."

ಅವರು ಯೋಚಿಸಿದರು. "ಹಾಗಾದ್ರೆ ಓಡೋದು ಕಲಿ."

ತಮಾಷೆಗೆ ಹೇಳಿದರೋ ಏನೋ, ನಾನು ಕಾರ್ಯಕ್ರಮವಾಗಿ ಸ್ವೀಕರಿಸಿದೆ. ಅಂದು ಸಂಜೆಯೇ ಪಕ್ಕದ ಖಾಲಿ ಸೈಟಿನಲ್ಲಿ ಅಭ್ಯಾಸ ಆರಂಭವಾಯಿತು. ಸೀರೆ ಮೊಳಕಾಲಿಗೆ, ಕಾಲಿಗೆ ಯಜಮಾನರ ಹಳೆಯ ಕ್ಯಾನ್ವಾಸ್ ಶೂ, ಕೈಯಲ್ಲಿ ಭಾರಕ್ಕೆಂದು ಅಕ್ಕಿ ತುಂಬಿದ ಡಬ್ಬಿ. ಯಜಮಾನರು ಕಾಂಪೌಂಡಿಗೆ ಒರಗಿ, "ಸೆರಗು ಸಿಕ್ಕಿಸ್ಕೊಳೇ, ಗಾಳಿ ಹಿಡೀತಾ ಇದೆ," ಎಂದು ತರಬೇತಿ ಕೊಡುತ್ತಿದ್ದರು. ಅಲ್ಲಿ ಮೇಯುತ್ತಿದ್ದ ಎಮ್ಮೆಗಳು ಎರಡನೆಯ ದಿನದಿಂದ ಬೇರೆ ಸೈಟು ನೋಡಿಕೊಂಡವು.

ಸೋಮವಾರ ಬಸ್ಸು ಎಂದಿನಂತೆ ಹೊಂಗೆ ಮರಕ್ಕೆ ಓಡಿತು. ನಾನೂ ಓಡಿದೆ. ಎಂಥ ಓಟ! ಗಂಡಸರನ್ನೆಲ್ಲ ಹಿಂದೆ ಹಾಕಿದೆ. ಕೈಗೆ ಕಂಬಿ ಸಿಕ್ಕಿತು, ಕಾಲು ಫುಟ್‌ಬೋರ್ಡಿನ ಮೇಲೆ ಬಿತ್ತು. ತಲೆ ಎತ್ತಿದರೆ ಕಂಡಕ್ಟರ್.

"ಏನಮ್ಮ, ಇದು ಹಿಂದಿನ ಬಾಗ್ಲು. ಹೆಂಗಸ್ರು ಮುಂದ್ಗಡೆ ಹತ್ಬೇಕು."

ನಾನು ಕಾನೂನಿಗೆ ಗೌರವ ಕೊಡುವವಳು. ಇಳಿದು ಮುಂದಿನ ಬಾಗಿಲಿಗೆ ಓಡಿದೆ. ನಾನು ಇಳಿದ ಜಾಗಕ್ಕೆ ಇಬ್ಬರು ಗಂಡಸರು ನೇತುಬಿದ್ದರು. ಬಸ್ಸು ಹೋಯಿತು. ಪುಣ್ಯಕ್ಕೆ ಅಂದು ನಮ್ಮ ಲೇಔಟಿನವರೊಬ್ಬರ ಆಟೋ ಸಿಕ್ಕಿ ಕಚೇರಿಗೆ ಹೊತ್ತಿಗೆ ಸರಿಯಾಗಿ ತಲುಪಿದೆ.

ಸ್ಟಾಪಿನಲ್ಲಿ ನನ್ನಂಥವರು ಇನ್ನೂ ಕೆಲವರಿದ್ದರು. ಅವರಲ್ಲಿ ಮುಖ್ಯರು ಶಾಂತಕ್ಕ, ಗದಗಿನ ಕಡೆಯವರು, ಮೇಖ್ರಿ ಸರ್ಕಲ್ ಹತ್ತಿರದ ಶಾಲೆಯಲ್ಲಿ ಟೀಚರು. ಅವರ ಸೂಕ್ಷ್ಮ ನೋಟಕ್ಕೆ ಒಂದು ಸಂಗತಿ ಹೊಳೆಯಿತು.

"ವಿಮಲಾ ಅವ್ರ, ಬಸ್ಸು ನಾವಿದ್ದಲ್ಲೆ ಬರೂದಿಲ್ಲಂದ್ರ, ಬಸ್ಸಿದ್ದಲ್ಲೆ ನಾವ ಹೋಗಿ ನಿಂತ್ರ ಹೆಂಗ್ರಿ?"

ಇಷ್ಟು ಸರಳ ಉಪಾಯ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮರುದಿನ ಹೆಂಗಸರೆಲ್ಲ ಮೆರವಣಿಗೆಯಂತೆ ಹೋಗಿ ಹೊಂಗೆ ಮರದ ಕೆಳಗೆ ನಿಂತೆವು. ಹಿಂದೆ ಬೋರ್ಡಿನ ಹತ್ತಿರ ಗಂಡಸರು ಮಾತ್ರ. ನಾವು ಅವರನ್ನು ನೋಡಿ ನಕ್ಕೆವು. ಬಸ್ಸು ಬಂತು. ಅಷ್ಟು ದೂರದಿಂದಲೇ ಡ್ರೈವರ್ ಮರದ ಕೆಳಗಿನ ಸೀರೆಗಳನ್ನು ನೋಡಿರಬೇಕು. ಬೋರ್ಡಿನ ಎದುರು, ಗೆರೆ ಎಳೆದ ಹಾಗೆ ನಿಲ್ಲಿಸಿದ! ಗಂಡಸರು ಸಾಲಾಗಿ, ಗಡಿಬಿಡಿಯಿಲ್ಲದೆ ಹತ್ತಿದರು. ನಾವು ಹಿಂದಕ್ಕೆ ಓಡಿದೆವು. ನಾವು ಅಲ್ಲಿಗೆ ಓಡುವಾಗ ಬಸ್ಸು ಇಲ್ಲಿಗೆ ಬಂತು, ನಡುದಾರಿಯಲ್ಲಿ ನಮ್ಮನ್ನು ದಾಟಿ ಹೋಯಿತು.

ಮರುದಿನ ಅರ್ಧ ಜನ ಮರದ ಕೆಳಗೆ, ಅರ್ಧ ಜನ ಬೋರ್ಡಿನ ಹತ್ತಿರ ನಿಂತೆವು. ಆ ದಿನ ಬಸ್ಸು ನಿಲ್ಲಲೇ ಇಲ್ಲ. ಗಂಡಸರು ಕೂಡ ನಮ್ಮ ಜೊತೆಯೇ ಉಳಿದು, ಇದಕ್ಕೆಲ್ಲ ನಾವೇ ಕಾರಣವೆಂದು ಗೊಣಗಿದರು. ಸೂಪರಿಂಟೆಂಡೆಂಟರು ರಜೆಯಲ್ಲಿದ್ದದ್ದರಿಂದ ಆ ಎರಡು ದಿನವೂ ನಾನು ಬದುಕಿಕೊಂಡೆ. ಅವರು ಬರುವುದು ನಾಳೆಗೆ. ನಾಳೆ ಆ ಬಸ್ಸು ಸಿಗದಿದ್ದರೆ ನನ್ನ ಕೆಲಸಕ್ಕೆ ಎಳ್ಳುನೀರು.

ಆಗ ನನಗೆ ಮಹಾಯೋಚನೆ ಬಂತು. ಬಸ್ಸು ಯಲಹಂಕದಿಂದ ತಾನೇ ಹೊರಡುವುದು? ಎದುರು ದಿಕ್ಕಿನ ಬಸ್ಸು ಹತ್ತಿ ಯಲಹಂಕಕ್ಕೇ ಹೋಗಿ, ಅಲ್ಲಿಂದ ಸೀಟಿನಲ್ಲಿ ಕೂತು ಬಂದರೆ? ಶಾಂತಕ್ಕನಿಗೆ ಹೇಳಿದಾಗ ಅವರು ಕಣ್ಣರಳಿಸಿದರು. "ದಕ್ಷಿಣಕ್ಕ ಹೋಗಾಕ ಉತ್ತರಕ್ಕ ಹೋಗೂದು ಅನ್ರಿ. ನನಗ ಮನ್ಯಾಗ ಅಷ್ಟು ಲಗೂನ ಬಿಡಂಗಿಲ್ರೀ. ನೀವು ಹೋಗಿ ಬರ್ರಿ."

ಮರುದಿನ ಬೆಳಿಗ್ಗೆ ಬೇಗ ಹೊರಟೆ. ಯಲಹಂಕದ ಕಡೆಯ ಬಸ್ಸು ಕೈ ತೋರಿಸುವ ಮೊದಲೇ ನಿಂತಿತು! ಯಲಹಂಕದಲ್ಲಿ ನಮ್ಮ ಬಸ್ಸು ಖಾಲಿಯಾಗಿ ನಿಂತಿತ್ತು. 'ಮಹಿಳೆಯರಿಗೆ' ಎಂದು ಬರೆದ ಸೀಟಿನಲ್ಲಿ ಮಾತ್ರ ಗಂಡಸರೊಬ್ಬರು ಆಗಲೇ ಗಾಢನಿದ್ರೆಯಲ್ಲಿದ್ದರು. ಮಹಿಳೆಯರ ಸೀಟಿನಲ್ಲಿ ಗಂಡಸರಿಗೆ ಬರುವಂಥ ನಿದ್ದೆ ಹಂಸತೂಲಿಕಾತಲ್ಪದಲ್ಲೂ ಬರಲಾರದು. ನನ್ನ ಛತ್ರಿ ಅಕಸ್ಮಾತ್ತಾಗಿ ಅವರ ಮೊಣಕಾಲಿಗೆ ತಗುಲಿತು, ಆಮೇಲೆ ಇನ್ನೊಮ್ಮೆ ಅಕಸ್ಮಾತ್ತಾಗಿ ತಗುಲಿತು. ಅವರು ಎದ್ದು ಹಿಂದೆ ಹೋದರು. ಮೆಜೆಸ್ಟಿಕ್ಕಿಗೆ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕುಳಿತೆ. ಮುಖಕ್ಕೆ ತಣ್ಣನೆ ಗಾಳಿ ಬಡಿಯುತ್ತಿತ್ತು, ಮಹಾರಾಣಿಯ ಹಾಗೆ ಅನ್ನಿಸಿತು.

ಕೋಡಿಗೇಹಳ್ಳಿ ಬರುವವರೆಗೆ ಆ ಭಾವನೆ ಇತ್ತು. ಕಿಟಕಿಯಿಂದ ನೋಡಿದೆ. ಶಾಂತಕ್ಕ ಮತ್ತು ಉಳಿದವರು ಕತ್ತು ಉದ್ದ ಮಾಡಿಕೊಂಡು, ಡಬ್ಬಿ ಎದೆಗವುಚಿಕೊಂಡು, ಒಂದು ಕಾಲು ಮುಂದಿಟ್ಟು ನಿಂತಿದ್ದರು. ನಾನು ದಿನವೂ ಹೀಗೇ ಕಾಣುತ್ತಿದ್ದೆನಲ್ಲ! ಡ್ರೈವರ್ ಬೋರ್ಡ್ ದಾಟಿಸಲು ಗೇರ್ ಬದಲಾಯಿಸಿದ.

"ನಿಲ್ಸಿ, ಇಳೀಬೇಕು," ಎಂದು ಕೂಗಿದೆ.

ಹತ್ತುವವರಿಗೆ ನಿಲ್ಲಿಸದಿದ್ದರೂ ನಡೆಯುತ್ತದೆ, ಇಳಿಯುವವರಿಗೆ ನಿಲ್ಲಿಸಲೇಬೇಕು. ಬ್ರೇಕ್ ಬಿತ್ತು. ಮುಂದಿನ ಬಾಗಿಲು ಸರಿಯಾಗಿ ಶಾಂತಕ್ಕನ ಮುಂದೆ ಬಂದು ನಿಂತಿತು.

"ಮೆಜೆಸ್ಟಿಕ್ ಟಿಕೆಟ್ ತಗೊಂಡು ಇಲ್ಲ್ಯಾಕಮ್ಮ ಇಳೀತೀರಾ?" ಎಂದು ಕಂಡಕ್ಟರ್ ಹಿಂದಿನಿಂದ ಕೂಗಿದ.

"ನನ್ನಿಷ್ಟ," ಎಂದು ಮೆಟ್ಟಿಲ ಮೇಲೆ ನಿಂತೆ. ಬೇಕೆಂದೇ ನಿಧಾನವಾಗಿ ಛತ್ರಿ ಹುಡುಕಿದೆ, ಸೆರಗು ಸರಿಮಾಡಿಕೊಂಡೆ. "ಹತ್ತಿ, ಬೇಗ ಹತ್ತಿ," ಎಂದು ಕೈ ಹಿಡಿದು ಒಬ್ಬೊಬ್ಬರನ್ನೂ ಎಳೆದುಕೊಂಡೆ. ಕೊನೆಗೆ ಉಳಿದವರು ಶಾಂತಕ್ಕ. ಅವರದು ಸ್ವಲ್ಪ ತುಂಬಿದ ಮೈ. ಮೆಟ್ಟಿಲ ಮೇಲೆ ನಾವಿಬ್ಬರೂ ಹಿಡಿಸುವಂತಿರಲಿಲ್ಲ. ನಾನು ಉದಾರವಾಗಿ ಕೆಳಗಿಳಿದು, ಅವರನ್ನು ಹಿಂದಿನಿಂದ ತಳ್ಳಿ ಹತ್ತಿಸಿದೆ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಕೋಡಿಗೇಹಳ್ಳಿ ಸ್ಟಾಪಿನ ಇತಿಹಾಸದಲ್ಲಿ ಮೊದಲ ಬಾರಿಗೆ ಹೆಂಗಸರೆಲ್ಲ ಬಸ್ಸು ಹತ್ತಿದ್ದರು, ನನ್ನೊಬ್ಬಳನ್ನು ಬಿಟ್ಟು. ಯಲಹಂಕಕ್ಕೆ ಹೋಗಿ ಸೀಟು ಹಿಡಿದು ತಂದವಳು ಕೈಯಲ್ಲಿ ಮೆಜೆಸ್ಟಿಕ್ ಟಿಕೆಟ್ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದೆ. ಕೆಲಸ ಹೋಯಿತು ಅಂದುಕೊಂಡೆ. ಅಳು ಬಂತು. ಅಳುತ್ತಲೇ ಓಡಿದೆ.

ಅಷ್ಟರಲ್ಲಿ ಬಸ್ಸಿನೊಳಗಿಂದ ಗದಗಿನ ಕಂಠ ಮೊಳಗಿತು. "ನಿಂದರಸ್ರಿ, ನಾ ಇಳೀಬೇಕ್ರಿ!"

ಬಸ್ಸು ನಿಂತಿತು. ಶಾಂತಕ್ಕ ಮೆಟ್ಟಿಲಿಗೆ ಬಂದು, ನಾನು ಎಷ್ಟು ದೂರದಲ್ಲಿದ್ದೇನೆಂದು ನೋಡಿ, ಡ್ರೈವರ್ ಕಡೆ ತಿರುಗಿದರು. "ಇದು ಯಾವ ಸ್ಟಾಪ್ರೀ?"

"ಸ್ಟಾಪೇ ಅಲ್ಲ ಕಣಮ್ಮ ಇದು."

"ಹಂಗಾದ್ರ ನಾ ಇಳಿಯೂದಿಲ್ರೀ."

ಬಸ್ಸು ಮತ್ತೆ ಹೊರಟಿತು. ನಾನು ಹಿಂದಿನ ಬಾಗಿಲವರೆಗೆ ಬಂದಿದ್ದೆ. ನನಗೆ ಬೇಕಾದದ್ದು ಮುಂದಿನದು. ತಕ್ಷಣ ಇನ್ನೊಬ್ಬರು ಬಾಯಿಗೆ ಕರ್ಚೀಫ್ ಹಿಡಿದು "ವಾಂತಿ ಬರ್ತಿದೆ" ಎಂದರಂತೆ. ಈ ಮಾತಿಗಿರುವ ಶಕ್ತಿ ಮಂತ್ರಿಗಳ ಫೋನಿಗೂ ಇಲ್ಲ. ಬಸ್ಸು ಅಲ್ಲಾಡದೆ ನಿಂತಿತು. ಒಳಗಿನ ಗಂಡಸರು, "ನಮಗೂ ಆಫೀಸಿಗೆ ಲೇಟಾಗುತ್ತೆ ಕಣ್ರೀ, ಇಳಿಯೋರೆಲ್ಲ ಒಟ್ಟಿಗೆ ಇಳೀಬಾರ್ದಾ?" ಎಂದು ಕಿರುಚುತ್ತಿದ್ದರು. ನಾನು ಮುಂದಿನ ಬಾಗಿಲಿಗೆ ಬಂದೆ. ಒಳಗಿನಿಂದ ಎಷ್ಟೋ ಕೈಗಳು ಬಂದು, ಬ್ಯಾಗು, ಜಡೆ, ರಟ್ಟೆ, ಸಿಕ್ಕಿದ್ದನ್ನು ಹಿಡಿದು ನನ್ನನ್ನು ಮೇಲಕ್ಕೆ ಎಳೆದುಕೊಂಡವು. ವಾಂತಿಯವರು ಕರ್ಚೀಫ್ ಮಡಿಸಿ ಬ್ಯಾಗಿಗೆ ಹಾಕಿದರು.

ಡ್ರೈವರ್ ಯಲಹಂಕದ ಪಕ್ಕದ ಕೋಗಿಲು ಹಳ್ಳಿಯ ಕಡೆಯವನು. ಸ್ಟೀರಿಂಗ್ ಬಿಟ್ಟು ತಿರುಗಿ ನಮ್ಮನ್ನೆಲ್ಲ ಒಂದು ಸಲ ನೋಡಿದ. ಈಗ ಬೈಯುತ್ತಾನೆ ಎಂದು ಎಲ್ಲರೂ ಮಾತು ರೆಡಿ ಮಾಡಿಕೊಂಡೆವು.

"ಇಂಗೆಲ್ಲ ಮಾಡ್ಬ್ಯಾಡ್ರಮ್ಮ," ಎಂದ. "ನಾಳೆಯಿಂದ ಬೋರ್ಡ್ ತಾವ್ಲೇ ನಿಲ್ಲಿಸ್ತೀನಿ. ನೀವೆಲ್ಲ ಬಸ್ಸು ಅತ್ಕೊಳಿ. ಇಳಿಯೋದೊಂದು ಬ್ಯಾಡಿ, ನಿಮ್ಮ ದಮ್ಮಯ್ಯ."

ಬಸ್ಸಿನ ಮುಂಭಾಗದಲ್ಲಿ ಎದ್ದ ನಗು ಹೆಬ್ಬಾಳದ ಕೆರೆಯವರೆಗೂ ನಿಲ್ಲಲಿಲ್ಲ. ನನ್ನ ಕಿಟಕಿ ಸೀಟಿನಲ್ಲಿ ಶಾಂತಕ್ಕ ಕುಳಿತಿದ್ದರು, ಅದನ್ನು ನಾನು ಆಗ ಗಮನಿಸಲಿಲ್ಲ. ಮೆಜೆಸ್ಟಿಕ್ಕಿನಿಂದ ಕಚೇರಿಗೂ ಓಡಿದೆ. ಸೂಪರಿಂಟೆಂಡೆಂಟರು ಹಾಜರಿ ಪುಸ್ತಕ ಮುಚ್ಚಲು ಕೈ ಇಟ್ಟಿದ್ದವರು, ಬಿಚ್ಚಿದ ಜಡೆ, ಧೂಳು ಹಿಡಿದ ಸೀರೆಯ ಸಮೇತ ನಾನು ಎದುರಿಗೆ ಬಂದಾಗ ಕನ್ನಡಕ ತೆಗೆದರು.

"ಯಾಕಮ್ಮ, ಬಸ್ಸಲ್ಲಿ ಬಂದ್ರಾ, ಓಡ್ಕೊಂಡು ಬಂದ್ರಾ?"

"ಎರಡೂ ಸರ್," ಎಂದು ಸಹಿ ಹಾಕಿದೆ. ಆ ತಿಂಗಳ ಕೊನೆಯಲ್ಲಿ ಅವರು ನನ್ನ ಪರವಾಗಿಯೇ ಬರೆದರು, ಕೆಲಸ ಖಾಯಂ ಆಯಿತು.

ಡ್ರೈವರ್ ಮಾತು ಉಳಿಸಿಕೊಂಡ. ಮರುದಿನದಿಂದ ಬಸ್ಸು ಬೋರ್ಡಿನ ಎದುರೇ ನಿಂತಿತು. ಸುದ್ದಿ ಹರಡಿತು. ಕೋಡಿಗೇಹಳ್ಳಿಯಲ್ಲಿ ಬಸ್ಸು ನಿಲ್ಲುತ್ತದೆಂದು ಸುತ್ತಮುತ್ತಲ ಹೆಂಗಸರೆಲ್ಲ ಅಲ್ಲಿಗೇ ಬರತೊಡಗಿದರು. ಕೆಲಸಕ್ಕೆ ಹೋಗುವವರು ಹೆಚ್ಚಾದರು, ಕಾಲೇಜಿಗೆ ಹೋಗುವ ಹುಡುಗಿಯರು ಹೆಚ್ಚಾದರು. ನನಗೆ ಎದೆ ತುಂಬಿ ಬರುತ್ತಿತ್ತು. ಸೀಟು ಮಾತ್ರ ಆಮೇಲೆ ಒಂದು ದಿನವೂ ಸಿಗಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ, ಕಿಟಕಿ ಪಕ್ಕ ಕುಳಿತಿದ್ದ ಹೊಸ ಹುಡುಗಿಯೊಬ್ಬಳು ಕಂಬಿ ಹಿಡಿದು ಜೋಲಿ ಹೊಡೆಯುತ್ತಿದ್ದ ನನ್ನ ಜೊತೆ ಮಾತಿಗಿಳಿದಳು.

"ನಮ್ಮ ಸ್ಟಾಪಲ್ಲಿ ಬಸ್ ಯಾಕೆ ಇಷ್ಟು ಚೆನ್ನಾಗಿ ನಿಲ್ಲುತ್ತೆ ಗೊತ್ತಾ ಆಂಟಿ? ಹಿಂದೆ ಯಾರೋ ಒಬ್ಬಳು ಗಯ್ಯಾಳಿ ಇದ್ದಳಂತೆ. ದಿನಾ ಬಸ್ಸಿಗೆ ಅಡ್ಡ ಮಲಗ್ತಿದ್ದಳಂತೆ. ಡ್ರೈವರೇ ಕೈಮುಗಿದನಂತೆ."

"ಹೌದಾ? ಈಗೆಲ್ಲಿದಾಳಂತೆ?" ಎಂದೆ.

"ಅಯ್ಯೋ, ಅಂಥೋರೆಲ್ಲ ಕಾರಿಟ್ಟಿರ್ತಾರೆ ಬಿಡಿ ಆಂಟಿ," ಎಂದಳು ಹುಡುಗಿ. ಆಮೇಲೆ ನನ್ನ ಬೆವರು ನೋಡಿ ಅವಳಿಗೆ ಕನಿಕರ ಬಂದಿರಬೇಕು. ಏಳುತ್ತಾಳೆಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ಅವಳು ಕೈ ಚಾಚಿ ನನ್ನ ವ್ಯಾನಿಟಿ ಬ್ಯಾಗ್ ಇಸಿದುಕೊಂಡು, ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯ ಕಡೆ ತಿರುಗಿದಳು. ಮೆಜೆಸ್ಟಿಕ್ ತನಕ ನನ್ನ ಬ್ಯಾಗು ಕೂತುಕೊಂಡು ಬಂತು.